ಕೊಳ್ಳುವುದೂ ಕಾಯಕ



ಬಸವಣ್ಣನವರನ್ನು ನಾವು ಭಕ್ತಿಭಂಡಾರಿ ಎಂದು ಕರೆಯುತ್ತೇವೆ. ಭಕ್ತಿಯ ಬಗ್ಗೆ ಸಾಕಷ್ಟು ಪ್ರವಚನಗಳನ್ನು ಕೇಳಿದ್ದೇವೆ, ಭಂಡಾರದ ಬಗ್ಗೆ ಕೇಳಿದ್ದು ಕಡಿಮೆ. ಮಂಗಳವೇಢೆಯಲ್ಲಿ ಕರಣಿಕರಾಗಿ ಲೆಕ್ಕ ಬರೆದವರು ಅವರು. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಹೊಣೆ ಹೊತ್ತವರು ಅವರು. ಭಂಡಾರದ ಹಣ ದಾಸೋಹಕ್ಕೆ ಸೋರಿಹೋಗುತ್ತಿದೆ ಎಂದು ಅರಸನ ಕಿವಿ ಊದಿದವರಿದ್ದರು. ಲೆಕ್ಕ ತೆಗೆಸಿ ನೋಡಿದಾಗ ಒಂದು ಕಾಸೂ ಕಡಿಮೆ ಬೀಳಲಿಲ್ಲ ಎಂಬ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಅಂದರೆ ನಮ್ಮ ಧರ್ಮದ ಮೊದಲ ಪುರುಷರು ಹಣ ಎಲ್ಲಿಂದ ಬಂತು, ಯಾರಿಗೆ ಹೋಯಿತು ಎಂಬುದನ್ನು ಬರೆದಿಡುವ ಕೆಲಸದಲ್ಲಿಯೇ ಇದ್ದವರು. ಅದನ್ನು ಕೀಳು ಕೆಲಸ ಎಂದು ಅವರು ಭಾವಿಸಲಿಲ್ಲ.

ಇಂದು ನಮ್ಮ ಮಠಗಳೂ ಭಂಡಾರಗಳೇ. ದಿನವೂ ದಾಸೋಹ ನಡೆಯಬೇಕು. ಪ್ರಸಾದ ನಿಲಯದ ಮಕ್ಕಳಿಗೆ ಎರಡು ಹೊತ್ತಿನ ಊಟ, ಸಮವಸ್ತ್ರ, ಹಾಸಿಗೆ ಬೇಕು. ಶಾಲೆ, ಕಾಲೇಜು, ಕೆಲವೆಡೆ ಆಸ್ಪತ್ರೆಗಳಿವೆ. ನಮ್ಮ ಭಾಗದಲ್ಲಿ ಇದು ನಿನ್ನೆ ಮೊನ್ನೆಯ ಮಾತಲ್ಲ. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1906 ರಲ್ಲಿ, ಬಾದಾಮಿ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರ ತಲೆ ಎತ್ತಿದ್ದು 1909 ರಲ್ಲಿ. ನೂರು ವರ್ಷ ದಾಟಿದ ಈ ಪರಂಪರೆಯಲ್ಲಿ ಕಾಣಿಕೆ ಹೇಗೆ ಸಂಗ್ರಹಿಸಬೇಕು ಎಂಬುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಆ ಕಾಣಿಕೆಯಿಂದ ಏನನ್ನು, ಯಾರಿಂದ, ಯಾವಾಗ, ಯಾವ ಮಾತಿನ ಮೇಲೆ ಕೊಳ್ಳಬೇಕು ಎಂಬುದನ್ನು ಅಷ್ಟು ಚೆನ್ನಾಗಿ ಕಲಿತಿಲ್ಲ. ಈ ಲೇಖನ ಬರೆಯಲು ಅದೇ ಕಾರಣ. ಇದು ಯಾವ ಒಂದು ಮಠದ ಮೇಲಿನ ದೂರಲ್ಲ. ನಮ್ಮೆಲ್ಲರ ಅಭ್ಯಾಸದ ಮಾತು.

ನಿವೃತ್ತಿಯಾದ ಮೇಲೆ ನನ್ನನ್ನು ಒಂದು ಮಠದ ಖರೀದಿ ಸಮಿತಿಗೆ ಸೇರಿಸಿಕೊಂಡರು. ಇಂಜಿನಿಯರ್ ಆಗಿದ್ದವನು, ಅಂದಾಜು ಪಟ್ಟಿ ಓದಬಲ್ಲ ಎಂಬ ಒಂದೇ ಅರ್ಹತೆ. ಮೊದಲ ಸಭೆಯಲ್ಲಿ ನಾನು ಬಾಕಿ ಪಟ್ಟಿ ಕೇಳಿದೆ. ಅಂಥ ಪಟ್ಟಿಯೇ ಇರಲಿಲ್ಲ. ಬಿಲ್ಲುಗಳನ್ನು ಒಟ್ಟುಮಾಡಿಸಿ ಬರೆಸಿದಾಗ ಕಂಡದ್ದು ಇದು: ಕಿರಾಣಿ ಅಂಗಡಿಯವರಿಗೆ ಎಂಟು ತಿಂಗಳ ಬಾಕಿ, ಪೆಂಡಾಲಿನವರಿಗೆ ಹಿಂದಿನ ಜಾತ್ರೆಯ ಬಾಕಿ, ಸಾಮೂಹಿಕ ವಿವಾಹಕ್ಕೆ ಸೀರೆ ಕೊಟ್ಟ ಇಳಕಲ್ಲಿನ ಮಗ್ಗದ ಮಾಲೀಕರೊಬ್ಬರಿಗೆ ಅರ್ಧಕ್ಕಿಂತ ಹೆಚ್ಚು ಬಾಕಿ. ಯಾರೂ ಒಂದು ಪತ್ರವನ್ನೂ ಬರೆದಿರಲಿಲ್ಲ. ನಾನೇ ಇಳಕಲ್ಲಿಗೆ ಹೋಗಿ ಆ ಮಾಲೀಕರನ್ನು ಕಂಡೆ. ಯಾಕೆ ಕೇಳಲಿಲ್ಲ ಅಂದೆ.

“ಮಠದ ಕೆಲಸ ಐತ್ರಿ ಸಾಹೇಬ್ರ, ರೊಕ್ಕ ಯಾವ ಬಾಯಿಲೆ ಕೇಳೂದ್ರಿ? ಅಪ್ಪಾರು ಎದುರಿಗೆ ಬಂದ್ರ ಕಾಲಿಗೆ ಬೀಳ್ತೀವ್ರಿ, ಬಿಲ್ಲಿನ ಮಾತು ಬಾಯಾಗ ಬರೂದಿಲ್ರಿ.”

ಒಳಗೆ ಕಂಡಿಕೆ ಸುತ್ತುತ್ತಿದ್ದ ಅವರ ಮನೆಯವರು ಕೈ ನಿಲ್ಲಿಸಿ ಉಳಿದದ್ದನ್ನು ಹೇಳಿದರು: “ಎಂಟು ಮಗ್ಗ ನಡೀತಿದ್ದೂರಿ. ಈಗ ಐದ ಅದಾವ. ನೂಲಿನವ್ರು ಉದ್ರಿ ಕೊಡೂದ ಬಿಟ್ಟಾರ್ರಿ.”

ಅಲ್ಲಿಂದ ಹಿಂತಿರುಗುವಾಗ ನನಗೆ ಒಂದು ಲೆಕ್ಕ ಸ್ಪಷ್ಟವಾಯಿತು. ಒಂದು ಲಕ್ಷ ರೂಪಾಯಿ ಬಾಕಿ ಎಂಟು ತಿಂಗಳು ಉಳಿದರೆ, ಕೊಟ್ಟವನು ಆ ಹಣವನ್ನು ತಿಂಗಳಿಗೆ ಶೇಕಡಾ 2 ರ ಬಡ್ಡಿಗೆ ಹೊರಗಿನಿಂದ ತಂದಿದ್ದರೆ, ಅವನ ಕೈಯಿಂದ ಹೋಗುವುದು ಹದಿನಾರು ಸಾವಿರ. ನಾವು ಮಾಡುವ ದಾಸೋಹಕ್ಕೆ ಬಡ್ಡಿಯಿಲ್ಲದ ಸಾಲ ಕೊಟ್ಟವನು ಆ ನೇಕಾರ. ದಾನಿಗಳ ಫಲಕದ ಮೇಲೆ ಅವನ ಹೆಸರಿಲ್ಲ. ಐನೂರು ರೂಪಾಯಿ ಕೊಟ್ಟವರ ಹೆಸರಿದೆ. ಅವನು ದಾನ ಕೊಡಲು ಒಪ್ಪಿದ್ದರೆ ಅದು ಬೇರೆ ಮಾತು, ಸಂತೋಷದಿಂದ ಸ್ವೀಕರಿಸೋಣ. ಆದರೆ ಕೇಳಲು ನಾಚಿದ ಭಕ್ತನ ಸಂಕೋಚವನ್ನೇ ನಮ್ಮ ಬಂಡವಾಳ ಮಾಡಿಕೊಳ್ಳುವುದು ದಾಸೋಹವಲ್ಲ. ಕಾಯಕ ಮಾಡಿದವನ ಕೂಲಿಯನ್ನು ತಡೆದು ಮಾಡಿದ ಪ್ರಸಾದದಲ್ಲಿ ಪ್ರಸಾದತ್ವ ಎಷ್ಟು ಉಳಿಯುತ್ತದೆ ಎಂದು ಪೂಜ್ಯರನ್ನೇ ಕೇಳಬೇಕು.

ಇದನ್ನು ಹೇಳುವ ನೈತಿಕ ಹಕ್ಕು ನನಗೆ ಪೂರ್ತಿಯಾಗಿ ಇಲ್ಲ. ಸೇವೆಯಲ್ಲಿದ್ದಾಗ ನನ್ನ ಮೇಜಿನ ಮೇಲೂ ಬಿಲ್ಲುಗಳು ಮಲಗಿದ್ದವು. ಅಳತೆ ಪುಸ್ತಕದಲ್ಲಿ ಒಂದು ಸಹಿ ಬಾಕಿ ಎಂದು ಸಣ್ಣ ಗುತ್ತಿಗೆದಾರನೊಬ್ಬ ತಿಂಗಳುಗಟ್ಟಲೆ ತಿರುಗಿದ್ದು ನೆನಪಿದೆ. ಅನುದಾನ ಬಂದಿಲ್ಲ ಎಂದು ಹೇಳುವುದು ಸುಲಭವಾಗಿತ್ತು. ಅವನ ಕೈಕೆಳಗಿನ ಕೂಲಿಯವರು ಸಂತೆಯ ದಿನ ಏನು ಮಾಡಿದರು ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಆ ತಪ್ಪನ್ನು ಮಾಡಿದವನಾಗಿಯೇ ಈ ಮಾತು ಬರೆಯುತ್ತಿದ್ದೇನೆ.

ಇನ್ನೊಂದು ಪಾಠವನ್ನೂ ಆ ಸೇವೆಯೇ ಕಲಿಸಿತು. ಸರ್ಕಾರದಲ್ಲಿ ಖರೀದಿಗೆ ಕಾನೂನಿದೆ: ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ಅದು ಬಂದದ್ದು ಒಳ್ಳೆಯದಕ್ಕೇ. ಅಧಿಕಾರಿ ತನಗೆ ಬೇಕಾದವರಿಗೆ ಕೆಲಸ ಹಂಚುವುದನ್ನು ತಡೆಯಲು, ಎಲ್ಲರಿಗೂ ಬಾಗಿಲು ತೆರೆಯಲು ಟೆಂಡರು ಬೇಕು. ಆದರೆ ಕಡಿಮೆ ದರ ಎಂಬ ಒಂದನ್ನೇ ಹಿಡಿದುಕೊಂಡರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇನೆ. ಒಂದು ಏತ ನೀರಾವರಿ ಪಂಪ್‌ಹೌಸಿಗೆ ಬೇರಿಂಗ್ ಕೊಳ್ಳುವಾಗ ನಾವು ದರ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಬೆಳೆ ತೆನೆ ಕಟ್ಟುವ ಹೊತ್ತಿಗೆ ಬೇರಿಂಗ್ ಹೋಯಿತು. ಪಂಪು ನಿಂತಿತು. ಕೊಟ್ಟವನು ಫೋನು ಎತ್ತಲಿಲ್ಲ. ಅವನಿಗೂ ನಮಗೂ ಆ ಒಂದು ಬಿಲ್ಲನ್ನು ಬಿಟ್ಟು ಬೇರೆ ಸಂಬಂಧವಿರಲಿಲ್ಲ. ಉಳಿಸಿದ್ದು ಕೆಲವು ಸಾವಿರ ರೂಪಾಯಿ. ಕಳೆದದ್ದು ಒಂದು ಸರದಿಯ ನೀರು. ಅಗ್ಗದ ದರ ಬೇರೆ, ಕಡಿಮೆ ಖರ್ಚು ಬೇರೆ ಎಂಬುದು ಅಂದು ತಲೆಗೆ ಹೋಯಿತು.

ವ್ಯಾಪಾರ ಜಗತ್ತು ಇದನ್ನು ಕಲಿತು ಬಹಳ ಕಾಲವಾಯಿತು. ಗುಣಮಟ್ಟದ ಶಾಸ್ತ್ರ ಬೆಳೆಸಿದ ಅಮೆರಿಕದ ಡೆಮಿಂಗ್, ಬರೀ ಬೆಲೆ ನೋಡಿ ಕೊಳ್ಳುವುದನ್ನು ಬಿಡಿ, ನಂಬಿಕೆಯ ಸರಬರಾಜುದಾರರೊಡನೆ ದೀರ್ಘ ಕಾಲದ ಸಂಬಂಧ ಬೆಳೆಸಿ ಎಂದು ತಮ್ಮ ಹದಿನಾಲ್ಕು ಸೂತ್ರಗಳಲ್ಲಿ ಒಂದಾಗಿ ಹೇಳಿದರು. ಜಪಾನಿನ ಟೊಯೊಟಾ ಕಂಪನಿಗೆ 1997 ರ ಫೆಬ್ರವರಿಯಲ್ಲಿ ಇದರ ಬೆಲೆ ಗೊತ್ತಾಯಿತು. ಬ್ರೇಕಿನ ಒಂದು ಚಿಕ್ಕ ವಾಲ್ವನ್ನು ಮಾಡುತ್ತಿದ್ದ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಆ ವಾಲ್ವಿಲ್ಲದೆ ಟೊಯೊಟಾದ ಕಾರು ಜೋಡಣೆ ಹೆಚ್ಚುಕಡಿಮೆ ಪೂರ್ತಿ ನಿಂತಿತು. ಆಗ ಹತ್ತಾರು ಸರಬರಾಜುದಾರರು ದರ ಮಾತಾಡದೆ, ಕರಾರು ಬರೆಯದೆ, ತಮ್ಮ ತಮ್ಮ ಯಂತ್ರಗಳಲ್ಲಿ ಆ ವಾಲ್ವನ್ನು ಮಾಡಲು ಕುಳಿತರು. ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಕಂಪನಿಯೂ ಅವರಲ್ಲಿ ಒಂದು. ಒಂದು ವಾರದ ಆಸುಪಾಸಿನಲ್ಲಿ ಕಾರ್ಖಾನೆಗಳು ಮತ್ತೆ ನಡೆದವು. ಹಿಂದಿನ ವರ್ಷಗಳಲ್ಲಿ ನಡೆಸಿಕೊಂಡ ರೀತಿಯ ಫಲ ಅದು. ಕಷ್ಟ ಬಂದ ದಿನ ಸಂಬಂಧ ಕೊಳ್ಳಲು ಸಿಗುವುದಿಲ್ಲ.

ಟೊಯೊಟಾ ಎಲ್ಲಿ, ನಮ್ಮ ದಾಸೋಹ ಮನೆ ಎಲ್ಲಿ ಎಂದು ನೀವು ಕೇಳಬಹುದು. ದೊಡ್ಡ ಖರೀದಿದಾರನ ನಡತೆಯ ಮೇಲೆ ಸಣ್ಣ ಉತ್ಪಾದಕನ ಒಲೆ ಉರಿಯುವುದು ಎರಡೂ ಕಡೆ ಒಂದೇ. ಹಾಗಾಗಿ ಇನ್ನೊಂದು ವಿಚಾರವನ್ನೂ ಅಲ್ಲಿಂದ ತಂದುಕೊಳ್ಳೋಣ. ಪೀಟರ್ ಕ್ರಾಲ್ಜಿಕ್ ಎಂಬವರು 1983 ರಲ್ಲಿ ಬರೆದ ಒಂದು ಲೇಖನ ಖರೀದಿ ಶಾಸ್ತ್ರದಲ್ಲಿ ಇಂದಿಗೂ ಮೊದಲ ಪಾಠ. ಎಲ್ಲ ವಸ್ತುಗಳನ್ನೂ ಒಂದೇ ರೀತಿ ಕೊಳ್ಳಬೇಡಿ, ಎರಡು ಪ್ರಶ್ನೆ ಕೇಳಿ ಎನ್ನುತ್ತದೆ ಅದು. ಈ ವಸ್ತು ನಮಗೆ ಎಷ್ಟು ಮುಖ್ಯ, ಎಷ್ಟು ಹಣ ಹೋಗುತ್ತದೆ? ಇದು ಸಿಗದೆ ಹೋಗುವ ಅಪಾಯ ಎಷ್ಟು? ಉತ್ತರದ ಪ್ರಕಾರ ವಸ್ತುಗಳು ನಾಲ್ಕು ಗುಂಪಾಗುತ್ತವೆ. ನಮ್ಮ ಮಠಗಳ ಖರೀದಿಯನ್ನು ಇದರಲ್ಲಿ ಇಟ್ಟು ನೋಡೋಣ.

ಪೊರಕೆ, ಸಾಬೂನು, ಸೀಮೆಸುಣ್ಣ, ಕಾಗದ: ಹಣವೂ ಕಡಿಮೆ, ಕೊಡುವವರೂ ಬಹಳ. ಇವುಗಳ ಮೇಲೆ ಸಮಿತಿ ಕುಳಿತು ಗಂಟೆಗಟ್ಟಲೆ ಚೌಕಾಶಿ ಮಾಡಬಾರದು. ವರ್ಷಕ್ಕೊಮ್ಮೆ ದರ ಗೊತ್ತುಮಾಡಿ ಬಿಟ್ಟರಾಯಿತು. ನಾನು ಕಂಡಂತೆ ನಮ್ಮ ಸಭೆಗಳ ಮುಕ್ಕಾಲು ಹೊತ್ತು ಇದರಲ್ಲೇ ಕಳೆಯುತ್ತದೆ.

ಜೋಳ, ಅಕ್ಕಿ, ಬೇಳೆ, ಎಣ್ಣೆ: ಹಣ ಬಹಳ ಹೋಗುತ್ತದೆ, ಆದರೆ ಕೊಡುವವರು ಅನೇಕರು. ಇಲ್ಲಿ ನಮ್ಮ ಬಲ ಒಗ್ಗಟ್ಟಿನಲ್ಲಿದೆ. ಹುನಗುಂದದ ಎರೆ ಹೊಲಗಳಲ್ಲಿ ಹಿಂಗಾರಿ ಬಿಳಿಜೋಳ ಫೆಬ್ರವರಿ, ಮಾರ್ಚಿನಲ್ಲಿ ರಾಶಿಯಾಗುತ್ತದೆ. ರೈತ ಮಾರಲು ಅವಸರದಲ್ಲಿರುವುದೂ ಆಗಲೇ, ದರ ಇಳಿಯುವುದೂ ಆಗಲೇ. ನಾವು ಮಾತ್ರ ತಿಂಗಳು ತಿಂಗಳು ಅಂಗಡಿಯಿಂದ ಉದ್ರಿ ತರುತ್ತೇವೆ. ನಾಲ್ಕಾರು ಮಠಗಳು ಸೇರಿ ರಾಶಿಯ ಕಾಲದಲ್ಲಿ ಹಳ್ಳಿಯ ಸಹಕಾರ ಸಂಘದ ಮೂಲಕ ವರ್ಷದ ಜೋಳವನ್ನು ನಗದು ಕೊಟ್ಟು ಕೊಂಡರೆ ರೈತನಿಗೆ ಎರಡು ಕಾಸು ಹೆಚ್ಚು ಕೊಟ್ಟೂ ನಮಗೆ ಉಳಿಯುತ್ತದೆ. ಕಾಳಿನ ತೇವ ಶೇಕಡಾ 12 ಕ್ಕಿಂತ ಹೆಚ್ಚಿರದಂತೆ ಒಣಗಿಸಿ, ನೆಲದ ತಂಪು ತಾಗದಂತೆ ಹಲಗೆಯ ಮೇಲೆ ಇಡಬೇಕು. ಇಲ್ಲದಿದ್ದರೆ ಉಳಿಸಿದ್ದು ಹುಳುವಿನ ಪಾಲು. ಎಷ್ಟು ಬೇಕೋ ಅಷ್ಟೇ ಕೊಳ್ಳಬೇಕು. ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆರಿಸಿ ತಂದಾಗ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಕಳಿಸಿದಳು. ದಾಸ್ತಾನು ಲೆಕ್ಕಕ್ಕೆ ಅದಕ್ಕಿಂತ ದೊಡ್ಡ ಪಾಠ ಯಾವ ಕಾಲೇಜಿನಲ್ಲೂ ಇಲ್ಲ.

ಮೂರನೆಯ ಗುಂಪಿನಲ್ಲಿ ಹಣ ಕಡಿಮೆ, ಆದರೆ ಕೊಡುವವರೂ ಕಡಿಮೆ. ಆಸ್ಪತ್ರೆಯ ಯಂತ್ರದ ಒಂದು ಬಿಡಿ ಭಾಗ ಇರಬಹುದು, ಶುದ್ಧ ವಿಭೂತಿ ಇರಬಹುದು. ಆಕಳ ಸಗಣಿಯಿಂದ ಕ್ರಮವಾಗಿ ಮಾಡುವ ವಿಭೂತಿಗೆ ಶಿವಯೋಗ ಮಂದಿರದಂಥ ಕೆಲವೇ ಸ್ಥಳಗಳು ಹೆಸರಾಗಿವೆ. ಪೇಟೆಯಲ್ಲಿ ಸಿಗುವ ಬಿಳಿ ಗಟ್ಟಿಯೆಲ್ಲ ವಿಭೂತಿಯಲ್ಲ. ಇಂಥವನ್ನು ಜಾತ್ರೆ ಎರಡು ದಿನ ಇರುವಾಗ ಹುಡುಕುತ್ತ ಹೋಗಬಾರದು. ಮೊದಲೇ ಹೇಳಿ, ಸ್ವಲ್ಪ ಹೆಚ್ಚು ಇಟ್ಟುಕೊಳ್ಳಬೇಕು.

ನಾಲ್ಕನೆಯ ಗುಂಪೇ ನನ್ನ ಮುಖ್ಯ ಮಾತು. ನಮಗೆ ಬಹಳ ಮುಖ್ಯವಾದದ್ದು, ಮಾಡಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿರುವುದು. ನಮ್ಮ ಜಿಲ್ಲೆಯಲ್ಲಿ ಅದು ಇಳಕಲ್ ಕೈಮಗ್ಗದ ಸೀರೆ, ಅದರ ಜೊತೆಗೆ ಗುಳೇದಗುಡ್ಡದ ಖಣ. ನಮ್ಮ ತಾಯಂದಿರ ಮೈಮೇಲಿದ್ದ ಬಟ್ಟೆ ಇದು. ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ಎರಡರ ಎಳೆಗಳನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಕೆಂಪು ಸೆರಗಿನ ತೋಪಿ ತೆನೆ, ಅಂಚಿನ ಗೋಮಿ, ಪರಾಸಪೇಟ, ಗಾಡಿ ದಡಿಗಳನ್ನು ಬಲ್ಲವರು ಇನ್ನೂ ಇದ್ದಾರೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿದೆ. ಸೀರೆಯನ್ನು ಕೈಮಗ್ಗಕ್ಕೆ ಮೀಸಲಿಡುವ ಕಾನೂನು 1985 ರಿಂದಲೇ ಇದೆ. ಆದರೂ ವಿದ್ಯುತ್ ಮಗ್ಗದ ಸೀರೆ ಅದೇ ಹೆಸರಿನಲ್ಲಿ, ಅದರ ಎಷ್ಟೋ ಪಾಲು ಕಡಿಮೆ ಬೆಲೆಗೆ ಪೇಟೆಯಲ್ಲಿ ಸಿಗುತ್ತದೆ. ಕೊಳ್ಳುವವರು ನಾವೇ.

ಮಗ್ಗದ ಮನೆಯ ಲೆಕ್ಕವನ್ನು ಒಮ್ಮೆ ನೋಡಿ. ರೇಷ್ಮೆ ಬೆಂಗಳೂರಿನ ಕಡೆಯಿಂದ, ಚಮಕಾ, ಜರಿ ಸೂರತ್ ಕಡೆಯಿಂದ ಬರಬೇಕು. ಮಾಲೀಕ ನೂಲಿಗೆ, ಬಣ್ಣಕ್ಕೆ, ಹಾಸಿಗೆ ಮೊದಲೇ ಹಣ ಹಾಕುತ್ತಾನೆ. ನೇಕಾರ ಮನೆಯಲ್ಲಿ ನೇಯ್ದು ಸೀರೆ ತಂದುಕೊಟ್ಟು ಮಜೂರಿ ಒಯ್ಯುತ್ತಾನೆ. ಸೀರೆ ಮಾರಿ ಹಣ ಬಂದರೆ ಮುಂದಿನ ಹಾಸು. ಹಣ ತಡವಾದರೆ ಹಾಸು ತಡ, ಹಾಸು ತಡವಾದರೆ ಮಗ್ಗ ಖಾಲಿ, ಮಗ್ಗ ಖಾಲಿಯಾದರೆ ನೇಕಾರನ ಮಗ ಬೇರೆ ಊರಿನ ಬಸ್ಸು ಹತ್ತುತ್ತಾನೆ. ಹೋದವನು ಮತ್ತೆ ಕುಣಿಯಲ್ಲಿ ಕಾಲಿಳಿಸಿ ಕೂಡುವುದಿಲ್ಲ. 2020 ರ ಲಾಕ್‌ಡೌನಿನಲ್ಲಿ ಮದುವೆಗಳು ನಿಂತು ನೇಯ್ದ ಸೀರೆಗಳು ಮನೆಯಲ್ಲೇ ಉಳಿದಾಗ ಎಷ್ಟೋ ಮನೆಗಳಿಗೆ ಇದು ಅನುಭವಕ್ಕೆ ಬಂತು. ಆಗ ಅವರಿಗೆ ಬೇಕಾಗಿದ್ದು ಅನುಕಂಪಕ್ಕಿಂತ ಹೆಚ್ಚಾಗಿ ಒಂದು ಬರೆದ ಆರ್ಡರು.

ಆ ಆರ್ಡರನ್ನು ಕೊಡಬಲ್ಲವರು ನಾವು. ಸಾಮೂಹಿಕ ವಿವಾಹದ ವಧುವಿನ ಸೀರೆ, ಉಡಿ ತುಂಬುವ ಖಣ, ಶರಣ ದಂಪತಿಗಳ ಗೌರವ, ಇವೆಲ್ಲ ನಮ್ಮಲ್ಲಿ ವರ್ಷಕ್ಕೆ ಎಷ್ಟು ಎಂದು ಮೊದಲೇ ಗೊತ್ತಿರುವ ಖರೀದಿಗಳು. ಆದರೆ ನಾವು ಮಾಡುವುದೇನು? ಕಾರ್ಯಕ್ರಮ ವಾರ ಇರುವಾಗ ಪೇಟೆಗೆ ಓಡಿ ಸಿಕ್ಕದ್ದನ್ನು ತರುತ್ತೇವೆ. ಸನ್ಮಾನದ ಶಾಲುಗಳ ಕಥೆ ಎಲ್ಲರಿಗೂ ಗೊತ್ತು. ಒಂದು ವೇದಿಕೆಯಲ್ಲಿ ಹೊದಿಸಿದ್ದು ಮಡಿಕೆ ಬಿಚ್ಚದೆ ಇನ್ನೊಂದು ವೇದಿಕೆಗೆ ಹೋಗುತ್ತದೆ. ನನ್ನ ಮನೆಯ ಅಟ್ಟದ ಮೇಲೂ ಹನ್ನೆರಡು ಇವೆ. ಹತ್ತು ಜನಕ್ಕೆ ಹತ್ತು ಶಾಲು ಹೊದಿಸುವ ಬದಲು ಮೂವರಿಗೆ ಕೈಮಗ್ಗದ ಒಂದೊಂದು ಒಳ್ಳೆಯ ವಸ್ತ್ರ ಕೊಟ್ಟರೆ ಖರ್ಚು ಹೆಚ್ಚಾಗುವುದಿಲ್ಲ, ವಸ್ತ್ರವೂ ಮೈಮೇಲೆ ಬರುತ್ತದೆ. ಜೇಡರ ದಾಸಿಮಯ್ಯನ ಹೆಸರನ್ನು ವೇದಿಕೆಯಲ್ಲಿ ಹೇಳಿ, ಕೆಳಗೆ ಪ್ರಸಾದದ ಸಾಲಿನಲ್ಲಿ ಕುಳಿತ ನೇಕಾರನಿಂದ ಕೊಳ್ಳದಿರುವುದು ನಮಗೆ ಒಪ್ಪುವ ಮಾತಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಎರಡೂ ಸರಿಯಾದವೇ.

ಮೊದಲನೆಯದು: ಭಕ್ತರ ಕಾಣಿಕೆಯ ಹಣ, ದುಬಾರಿ ವಸ್ತು ಕೊಳ್ಳುವ ಹಕ್ಕು ನಮಗೆಲ್ಲಿದೆ? ಕೈಮಗ್ಗದ ಸೀರೆ ದುಬಾರಿ, ನಿಜ. ಆದರೆ ಈಗ ನಾವು ಕೊಡುವ ಬೆಲೆಯಲ್ಲಿ ಅವಸರದ ಬೆಲೆ ಸೇರಿದೆ, ಉದ್ರಿಯ ಬೆಲೆ ಸೇರಿದೆ, ನಡುವಿನ ಎರಡು ಮೂರು ಕೈಗಳ ಬೆಲೆ ಸೇರಿದೆ. ಆರು ತಿಂಗಳು ಮೊದಲು ಹೇಳಿ, ನೂಲಿಗೆ ಮುಂಗಡ ಕೊಟ್ಟು, ಮಾಲು ಬಂದ ಹದಿನೈದು ದಿನದಲ್ಲಿ ಹಣ ಕೊಟ್ಟರೆ ಅವಷ್ಟೂ ಕಳಚುತ್ತವೆ. ಆಷಾಢದಲ್ಲಿ ಮದುವೆಗಳಿಲ್ಲ, ಪೇಟೆ ತಣ್ಣಗಿರುತ್ತದೆ. ಮಳೆಗಾಲದಲ್ಲಿ ಕುಣಿಮಗ್ಗಕ್ಕೆ ತಂಪು ಹಿಡಿದು ಕೆಲಸವೂ ನಿಧಾನ. ಶರಣರು ದಿನದಲ್ಲಿ ಒಳ್ಳೆಯದು ಕೆಟ್ಟದ್ದು ನೋಡಲಿಲ್ಲ; ನಮ್ಮ ಆರ್ಡರುಗಳಾದರೂ ಆಷಾಢದ ಖಾಲಿ ತಿಂಗಳಿಗೆ ಹೋಗಲಿ. ಮಾಲೀಕನಿಗೆ ಆಗ ಸಿಗುವ ಕೆಲಸಕ್ಕೆ ಬೆಲೆ ಹೆಚ್ಚು, ನಮಗೆ ಬೀಳುವ ದರ ಕಡಿಮೆ. ಒಂದು ಎಚ್ಚರಿಕೆ ಮಾತ್ರ ಇರಲಿ. ಖಾಲಿ ಕುಳಿತವನ ಅಸಹಾಯಕತೆಯನ್ನು ಹಿಂಡಿ ದರ ಇಳಿಸುವುದು ಜಾಣತನವಲ್ಲ, ಅತಿಯಾಸೆ. ಅತಿಯಾಸೆ ಮಾರುವವನಿಗೆ ಮಾತ್ರ ಬರುವ ರೋಗವಲ್ಲ, ಕೊಳ್ಳುವವನಿಗೂ ಬರುತ್ತದೆ. ನೇಕಾರನ ಮಜೂರಿ ಮುಟ್ಟದೆ ಉಳಿದ ಕಡೆ ಉಳಿತಾಯ ಹುಡುಕಬೇಕು.

ಎರಡನೆಯದು ಇನ್ನೂ ತೂಕದ ಆಕ್ಷೇಪ. ಸಂಬಂಧ, ನಂಬಿಕೆ ಎಂದು ಹೇಳುತ್ತ ಒಬ್ಬರಿಂದಲೇ ಕೊಳ್ಳುತ್ತ ಹೋದರೆ ಅದು ಬೀಗರಿಗೂ ಬಂಧುಗಳಿಗೂ ಬಾಗಿಲು ತೆರೆದಂತಲ್ಲವೇ? ಹೌದು, ತೆರೆಯುತ್ತದೆ, ಕಾವಲಿಲ್ಲದಿದ್ದರೆ. ಸರ್ಕಾರ ಟೆಂಡರಿನ ಕಾನೂನು ತಂದದ್ದು ಇದೇ ಭಯದಿಂದ. ಆದ್ದರಿಂದ ನಾನು ಹೇಳುವ ಸಂಬಂಧ ಕಣ್ಣು ಮುಚ್ಚಿದ ನಂಬಿಕೆಯದಲ್ಲ. ಒಬ್ಬರಿಂದಲ್ಲ, ಎರಡು ಮೂರು ಮಗ್ಗದ ಮನೆಗಳಿಂದ ಕೊಳ್ಳೋಣ. ಜಾತಿ, ಮತ, ಒಳಪಂಗಡ ಕೇಳದೆ ಆರಿಸೋಣ. ಇಳಕಲ್ಲಿನ ಮಗ್ಗದ ಮುಂದೆ ಎಲ್ಲ ಸಮಾಜದವರೂ ಕುಳಿತಿದ್ದಾರೆ. ಕೊಳ್ಳುವ ದರವನ್ನು ನೂಲು, ಬಣ್ಣ, ಮಜೂರಿ, ಲಾಭ ಎಂದು ಬಿಡಿಸಿ ಬರೆದು ಮಠದ ಫಲಕಕ್ಕೆ ಅಂಟಿಸೋಣ. ಸಮಿತಿಯ ಸದಸ್ಯರಿಗೆ ಮಾರುವವರು ಸಂಬಂಧಿಕರಾದರೆ ಆ ಸದಸ್ಯರು ಆ ದಿನ ಸಭೆಯಿಂದ ಎದ್ದು ಹೊರಗೆ ಕೂಡಲಿ. ದೀಪಾವಳಿಯ ಸಿಹಿ ಡಬ್ಬಿಯಿಂದ ಹಿಡಿದು ಯಾವ ಕೊಡುಗೆಯನ್ನೂ ಸಮಿತಿಯವರು ಸ್ವೀಕರಿಸಬಾರದು. ವರ್ಷಕ್ಕೊಮ್ಮೆ ಎಲ್ಲವನ್ನೂ ಮರಳಿ ತೂಗಿ ನೋಡೋಣ. ಗುಣಮಟ್ಟ ಕೆಟ್ಟರೆ ಎಚ್ಚರಿಕೆ, ಮತ್ತೆ ಕೆಟ್ಟರೆ ಬಿಡುಗಡೆ. ಸಂಬಂಧ ಗಟ್ಟಿಯಾಗುವುದು ಸಡಿಲ ಲೆಕ್ಕದಿಂದಲ್ಲ, ಬಿಗಿ ಲೆಕ್ಕದಿಂದ.

ಕೈಮಗ್ಗವೇ ಹೌದೇ ಎಂದು ತಿಳಿಯುವುದೂ ನಮ್ಮ ಹೊಣೆ. 2006 ರಿಂದ ಕೇಂದ್ರ ಸರ್ಕಾರದ ಕೈಮಗ್ಗ ಮುದ್ರೆ ಜಾರಿಯಲ್ಲಿದೆ, ಆ ಚೀಟಿ ಕೇಳಬೇಕು. ಅದರ ಜೊತೆಗೆ ಆರ್ಡರಿನಲ್ಲಿಯೇ ಉದ್ದ, ಅಗಲ, ಯಾವ ನೂಲು, ಯಾವ ದಡಿ, ಬಣ್ಣ ಬಿಡಬಾರದು ಎಂದು ಬರೆಯಬೇಕು. ಇಂಜಿನಿಯರ್ ಕೆಲಸದಲ್ಲಿ ಸಿಮೆಂಟು ಮುಚ್ಚಿದ ಮೇಲೆ ಕಂಬಿ ಎಣಿಸಲು ಬರುವುದಿಲ್ಲ. ಇಲ್ಲಿಯೂ ಹಾಗೆಯೇ. ಮಾಲು ಬಂದ ಮೇಲೆ ಜಗಳವಾಡುವ ಬದಲು ಕೆಲಸ ಅರ್ಧವಾದಾಗ ಮಗ್ಗದ ಮನೆಗೆ ಒಮ್ಮೆ ಹೋಗಿ ಬರಬೇಕು. ಆ ಮನೆಯಲ್ಲಿ ಕುಳಿತು ಒಂದು ಬಟ್ಟಲು ಚಹಾ ಕುಡಿದು ಬಂದ ಸಮಿತಿ ಸದಸ್ಯ ಆಮೇಲೆ ಬಿಲ್ಲು ತಡೆಯಲಾರ.

ಹಣ ಕೊಡುವ ವಿಷಯದಲ್ಲಿ ಧರ್ಮದ ಮಾತು ಸಾಲದಿದ್ದರೆ ಕಾನೂನಿನ ಮಾತೂ ಇದೆ. 2006 ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದ ಪ್ರಕಾರ ನೋಂದಾಯಿತ ಸೂಕ್ಷ್ಮ, ಸಣ್ಣ ಉತ್ಪಾದಕರಿಂದ ಮಾಲು ಕೊಂಡವರು ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಬರೆದುಕೊಂಡ ಒಪ್ಪಂದವಿದ್ದರೂ ಆ ಗಡುವು 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೊಳ್ಳುವವರು ಕಂಪನಿಯೋ ಸಂಸ್ಥೆಯೋ ಎಂದು ಆ ಕಾನೂನು ಬೇರೆ ಮಾಡುವುದಿಲ್ಲ. ನಮ್ಮ ಭಕ್ತರು ಮಠದ ಮೇಲೆ ದೂರು ಕೊಡುವುದಿಲ್ಲ ಎಂಬುದು ನಮಗೆ ಗೊತ್ತು. ಅದಕ್ಕಾಗಿಯೇ ನಾವು ಹೆಚ್ಚು ಎಚ್ಚರದಿಂದಿರಬೇಕು. ಕೋರ್ಟಿಗೆ ಹೋಗಬಲ್ಲವನಿಗೆ ಮೊದಲು ಕೊಟ್ಟು, ಕಾಲಿಗೆ ಬೀಳುವವನನ್ನು ಕೊನೆಗೆ ಇಡುವುದು ಬಸವ ಮಾರ್ಗ ಆಗಲಾರದು.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ನಾಲ್ಕೂ ಒಂದು ದಿನದಲ್ಲಿ ಸುತ್ತಿ ಬರುವಷ್ಟು ಹತ್ತಿರ. ಈ ನಾಲ್ಕು ಊರುಗಳ ಆಸುಪಾಸಿನ ಮಠಗಳ, ವಿದ್ಯಾಸಂಸ್ಥೆಗಳ ಖರೀದಿ ನೋಡುವವರು ವರ್ಷಕ್ಕೆ ಎರಡು ಸಲ, ಜೋಳದ ರಾಶಿಗೆ ಮೊದಲು ಒಮ್ಮೆ, ಆಷಾಢಕ್ಕೆ ಮೊದಲು ಒಮ್ಮೆ, ಒಂದು ಕಡೆ ಕುಳಿತುಕೊಳ್ಳಲಿ. ಅವರವರ ಅಗತ್ಯದ ಪಟ್ಟಿ ತರಲಿ. ಜೋಳ ಮತ್ತು ಸೀರೆ, ಈ ಎರಡನ್ನು ಮಾತ್ರ ಮೊದಲ ವರ್ಷ ಒಟ್ಟಿಗೆ ಕೊಳ್ಳೋಣ. ಎಲ್ಲವನ್ನೂ ಒಮ್ಮೆಲೇ ಹಿಡಿದರೆ ಯಾವುದೂ ಆಗುವುದಿಲ್ಲ ಎಂಬುದು ಮೂವತ್ತೈದು ವರ್ಷ ಯೋಜನಾ ವರದಿ ಬರೆದವನ ಅನುಭವ. ಹೊಸ ಸಂಸ್ಥೆ, ಹೊಸ ಕಟ್ಟಡ, ಹೊಸ ಅಧ್ಯಕ್ಷ ಏನೂ ಬೇಡ. ಒಂದು ಜಮಖಾನೆ, ಒಂದು ಲೆಕ್ಕದ ಪುಸ್ತಕ ಸಾಕು.

ನನ್ನನ್ನು ಸೇರಿಸಿಕೊಂಡಿದ್ದ ಆ ಸಮಿತಿಯಲ್ಲಿ ಪೂಜ್ಯರ ಮುಂದೆ ಬಾಕಿ ಪಟ್ಟಿಯನ್ನು ಇಟ್ಟಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ನಂತರ, “ಇದು ನನಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳದಿದ್ದದ್ದು ನನ್ನ ತಪ್ಪು,” ಎಂದರು. ಆ ವರ್ಷ ಒಂದು ಕಾರ್ಯಕ್ರಮವನ್ನು ಕಡಿಮೆ ಮಾಡಿ ಬಾಕಿಯ ದೊಡ್ಡ ಪಾಲು ತೀರಿಸಿದೆವು. ಪೂರ್ತಿ ತೀರಿಸಲು ಇನ್ನೂ ಒಂದು ವರ್ಷ ಹಿಡಿಯಿತು. ಇಳಕಲ್ಲಿನ ಆ ಮನೆಯಲ್ಲಿ ಎಂಟು ಮಗ್ಗ ಮತ್ತೆ ಆಗಿಲ್ಲ. ಆರು ಆಗಿವೆ.

ಇಳಕಲ್ಲಿನವರೇ ನಮಗೆ ಒಂದು ದಾರಿ ತೋರಿಸಿ ಹೋಗಿದ್ದಾರೆ. ಚಿತ್ತರಗಿ ಇಳಕಲ್ ಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1975 ರಲ್ಲಿ ಜೋಳಿಗೆ ಹಿಡಿದು ಮನೆ ಮನೆಗೆ ಹೊರಟರು. ಹಣ ಬೇಡಲಿಲ್ಲ, ಕಾಳು ಬೇಡಲಿಲ್ಲ. ನಿಮ್ಮ ದುಶ್ಚಟಗಳನ್ನು ಈ ಜೋಳಿಗೆಗೆ ಹಾಕಿ ಎಂದು ಬೇಡಿದರು. ಅವರ ಜನ್ಮದಿನ ಆಗಸ್ಟ್ 1 ಇಂದು ನಾಡಿಗೆಲ್ಲ ವ್ಯಸನ ಮುಕ್ತ ದಿನ. ಆಗ ಜೋಳಿಗೆ ಮಠದಿಂದ ಭಕ್ತರ ಮನೆಗೆ ಹೋಗಿತ್ತು. ಈಗ ಒಂದು ಸಲ ಭಕ್ತರೇ ಮಠದ ಮತ್ತು ಸಂಸ್ಥೆಗಳ ಕಚೇರಿಗೆ ಜೋಳಿಗೆ ತರಲಿ. ಬಾಕಿ ಬಿಲ್ಲುಗಳನ್ನು ಅದಕ್ಕೆ ಹಾಕಿ ಎಂದು ನಮ್ರವಾಗಿ ಬೇಡಲಿ. ಮುಂದಿನ ಬಸವ ಜಯಂತಿಯ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಹಿಂದಿನ ವರ್ಷದ ಪತ್ರಿಕೆಯ ಅಚ್ಚಿನ ಹಣ ಕೊಟ್ಟಾಗಿದೆಯೇ ಎಂದು ಒಬ್ಬರಾದರೂ ಕೇಳಲಿ. ಇಷ್ಟು ಸಾಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ.